ಎತ್ತಬಾರದ ಕರೆ

ಮೋಡೆಮ್ ಮೊದಲು ಸುಳ್ಳು ಹೇಳುತ್ತದೆ. ಬೆರಳುದ್ದದ ಆ ಬಿಳಿಯ ಕಡ್ಡಿಯನ್ನು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ ಕೂಡಲೇ ಅದು ತಾನು ಮೋಡೆಮ್ ಎಂದು ಒಪ್ಪಿಕೊಳ್ಳುವುದಿಲ್ಲ, ತಾನೊಂದು ಸಿ.ಡಿ. ಎನ್ನುತ್ತದೆ. ಒಳಗೆ ವಿಂಡೋಸ್‌ಗೆ ಬೇಕಾದ ತಂತ್ರಾಂಶ ತುಂಬಿಕೊಂಡಿರುತ್ತದೆ. ಲಿನಕ್ಸ್‌ಗೆ ಅದರಿಂದ ಏನೂ ಪ್ರಯೋಜನವಿಲ್ಲ. ಅದಕ್ಕೊಂದು ಗೊತ್ತಾದ ಸಂಕೇತ ಕಳಿಸಿ, ವೇಷ ಕಳಚುವಂತೆ ಮಾಡಬೇಕು. ಆಗ ಸಿ.ಡಿ. ಮಾಯವಾಗಿ ಅದೇ ಜಾಗದಲ್ಲಿ ಮೂರು ಪೋರ್ಟ್‌ಗಳು ಕಾಣಿಸಿಕೊಳ್ಳುತ್ತವೆ. ಒಂದು ದತ್ತಾಂಶಕ್ಕೆ, ಒಂದು ದೋಷಪರೀಕ್ಷೆಗೆ, ಒಂದು ಆಜ್ಞೆ ಕೊಡುವುದಕ್ಕೆ.

ನೀಲಗಂಗಾ ಇದನ್ನು ಹನ್ನೊಂದು ಕಡೆ ಮಾಡಿ ಮುಗಿಸಿದ್ದಳು. ಹನ್ನೆರಡನೆಯದು ಅವಳದೇ ಕಚೇರಿ. ಕೃಷ್ಣಾ ದಂಡೆಯ ಹಿರೇಕೂಡ್ಲಿಯಲ್ಲಿ, ಹಳೆಯ ಪ್ರವಾಸಿ ಬಂಗಲೆಯ ಮಹಡಿಯ ಮೇಲಿದ್ದ ಪ್ರವಾಹ ನಿಯಂತ್ರಣ ಕೊಠಡಿ. ಎರಡು ಮೇಜು, ಗೋಡೆಗೊಂದು ನದಿಯ ನಕ್ಷೆ, ಅಂಗೈಯಗಲದ ಒಂದು ಲಿನಕ್ಸ್ ಕಂಪ್ಯೂಟರು. ಇಲ್ಲಿ ಮೂರರ ಬದಲು ನಾಲ್ಕು ಪೋರ್ಟ್‌ಗಳು ಬಂದವು.

"ನಾಲ್ಕು ಬಂದವಲ್ಲ ಚಾಚಾ," ಎಂದಳು.

ಬಂದೇನವಾಜ್ ಚಾಚಾ ಮೊದಲು ವೈರ್‌ಲೆಸ್ ಆಪರೇಟರ್ ಆಗಿದ್ದವರು. ಬರುವ ವರ್ಷ ನಿವೃತ್ತಿ. ಕನ್ನಡಕ ಮೇಲೇರಿಸಿ ಪರದೆ ನೋಡಿದರು.

"ಚಲೋನೇ ಆತಲ್ಲ ಮೇಡಮ್. ಸರ್ಕಾರಿ ಮಾಲಿನಾಗ ಕಡಿಮಿ ಬರೋದು ಕೇಳೀನಿ. ಹೆಚ್ಚಿಗಿ ಬಂದದ್ದು ಇದೇ ಮೊದಲ."

ಅವಳು ನಗಲಿಲ್ಲ. ಒಂದೊಂದೇ ಪೋರ್ಟಿಗೆ 'ಎಟಿ' ಎಂದು ಟೈಪಿಸಿದಳು. ಗಮನ ಕೊಡು ಎಂದು ಅದರ ಅರ್ಥ. ಮೂರು ಪೋರ್ಟ್‌ಗಳು 'ಓಕೆ' ಎಂದವು. ನಾಲ್ಕನೆಯದು ಸುಮ್ಮನಿತ್ತು.

ಕೇಂದ್ರ ಕಚೇರಿಯಿಂದ ಬಂದ ಸಿದ್ಧ ಆಜ್ಞೆಗಳ ಪಟ್ಟಿಯಲ್ಲಿ ಒಂದು ಸಾಲಿತ್ತು: ಕರೆ ಬಂದರೆ ಮೊದಲ ರಿಂಗಿಗೇ ಮೋಡೆಮ್ ತಾನೇ ಎತ್ತಬೇಕು. ನೀಲಗಂಗಾ ಆ ಸಾಲಿನ ಕೊನೆಯಲ್ಲಿದ್ದ ಒಂದು ಎಂಬ ಅಂಕಿ ಅಳಿಸಿ ಸೊನ್ನೆ ಬರೆದಳು. ಸೊನ್ನೆ ಎಂದರೆ ಎಷ್ಟು ಬಾರಿಸಿದರೂ ಎತ್ತಬಾರದು. ಆ ಮೋಡೆಮ್‌ನೊಳಗೆ ಹಾಕಿದ್ದು ಕಚೇರಿಯ ಹಳೆಯ ಸಿಮ್, ಹೊಳೆಯ ನೀರಿನ ಮಟ್ಟ ಓದುವ ಎಲ್ಲ ಅಳತೆಗಾರರಿಗೂ ಬಾಯಿಪಾಠವಾಗಿದ್ದ ನಂಬರು. ಆ ನಂಬರಿನ ಮೇಲೆ ಅವಳು ಒಮ್ಮೆ ಎತ್ತಬಾರದ ಕರೆಯೊಂದನ್ನು ಎತ್ತಿದ್ದಳು.

ಊರಿನಿಂದ ಎರಡು ಕಿಲೋಮೀಟರ್ ದೂರದಲ್ಲಿ ಹೊಳೆಯ ನಡುವೆ ಹಂಚಿನಗಡ್ಡಿ ಎಂಬ ದ್ವೀಪವಿದೆ. ಮೂವತ್ತೆರಡು ಮನೆ. ಆಚೆಗೆ ಬರಲು ಇರುವುದು ಒಂದೇ ತಗ್ಗು ಸೇತುವೆ. ಅದರ ಕಂಬದ ಮೇಲೆ ಅಡಿಗಳ ಗೆರೆ ಬರೆದ ಅಳತೆಪಟ್ಟಿ. ಹದಿನಾಲ್ಕು ವರ್ಷ ಅದನ್ನು ಓದಿದವನು ಹುಸೇನಪ್ಪ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಕಚೇರಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದ. ಒಂದು ರಿಂಗಿಗೆ ಒಂದು ಅಡಿ ನೀರು. ಇಲ್ಲಿ ಕೂತವರು ಎಣಿಸಿ ಬರೆದುಕೊಳ್ಳಬೇಕು, ಎತ್ತಬಾರದು. ಒಂಬತ್ತು ಬಂದರೆ ಸೇತುವೆ ಮುಚ್ಚಬೇಕು. ಹನ್ನೊಂದಕ್ಕೆ ನೀರು ಸೇತುವೆಯ ಮೇಲೆ ಹರಿಯುತ್ತದೆ. ಯಾವ ಸುತ್ತೋಲೆಯಲ್ಲೂ ಇಲ್ಲದ, ಎಲ್ಲರೂ ಪಾಲಿಸುತ್ತಿದ್ದ ಪದ್ಧತಿ.

ಎರಡು ವರ್ಷದ ಹಿಂದೆ, ಅವಳು ಇಲ್ಲಿಗೆ ವರ್ಗವಾಗಿ ಬಂದ ಮೂರನೆಯ ವಾರ, ಒಂದು ಸಂಜೆ ಫೋನು ಬಾರಿಸತೊಡಗಿತು. ಅವಳಿದ್ದಷ್ಟು ದಿನ ಐದು ದಾಟಿರಲಿಲ್ಲ. ಆರಾಯಿತು, ಏಳಾಯಿತು. ಇಷ್ಟು ಹೊತ್ತು ಬಾರಿಸುತ್ತಿದ್ದಾನೆಂದರೆ ಏನೋ ಹೇಳಬೇಕಾಗಿದೆ ಎನ್ನಿಸಿ ಎತ್ತಿಬಿಟ್ಟಳು. ನೀರಿನ ಮೊರೆತ, ಅದರ ನಡುವೆ, "ಯಾಕ ಎತ್ತಿದ್ರಿ ಅಕ್ಕಾರ—" ಎಂಬ ದನಿ. ಅಷ್ಟಕ್ಕೇ ಕರೆ ಕಡಿಯಿತು. ಎತ್ತದ ಕರೆಗೆ ಹಣ ಹೋಗುವುದಿಲ್ಲವೆಂದು ಅವನ ಫೋನಿನಲ್ಲಿ ಇರುತ್ತಿದ್ದುದು ಚಿಲ್ಲರೆ ಬ್ಯಾಲೆನ್ಸ್. ಅವಳು ಎತ್ತಿದ್ದಕ್ಕೆ ಅದೂ ಮುಗಿಯಿತು. ಅವಳು ಮರಳಿ ಮಾಡಿದ ಕರೆ ಹೋಗಲಿಲ್ಲ. ದಾಖಲೆಯಲ್ಲಿ ಏಳು ಎಂದು ಬರೆದಳು. ಹೊಳೆ ಹನ್ನೊಂದರಲ್ಲಿತ್ತು. ಯಾರೂ ಮುಚ್ಚದ ಸೇತುವೆಯ ಬಾಯಿಗೆ ಹುಸೇನಪ್ಪ ತಾನೇ ಅಡ್ಡ ನಿಂತು, ಟವೆಲ್ ಬೀಸಿ ಜನರನ್ನು ತಡೆದ. ಜನ ಉಳಿದರು. ಅವನನ್ನು ಹೊಳೆ ಒಯ್ದಿತು, ಹೆಣ ಸಿಗಲಿಲ್ಲ. ವರದಿಯಲ್ಲಿ 'ನೆಟ್‌ವರ್ಕ್ ದೋಷ' ಎಂದು ಬಂತು. ನೀಲಗಂಗಾ ಅದಕ್ಕೆ ಸಹಿ ಮಾಡಿದಳು.

ಈಗ ಅಲ್ಲಿ ಸೆನ್ಸರ್ ಇದೆ. ಕಾಲು ಗಂಟೆಗೊಮ್ಮೆ ನೀರಿನ ಮಟ್ಟವನ್ನು ಎಸ್ಸೆಮ್ಮೆಸ್ ಮಾಡುತ್ತದೆ. ಅದನ್ನು ಹಿಡಿದು ಬರೆದಿಡುವುದಷ್ಟೇ ಈ ಪುಟ್ಟ ಕಂಪ್ಯೂಟರಿನ ಕೆಲಸ.

ಅಂದು ಸಂಜೆ ಸರಿಯಾಗಿ ಆರಕ್ಕೆ ನಾಲ್ಕನೆಯ ಪೋರ್ಟಿನ ಖಾಲಿ ಕಿಟಕಿಯಲ್ಲಿ ಒಂದು ಪದ ಮೂಡಿತು. ರಿಂಗ್. ಮೂರು ಸೆಕೆಂಡ್ ಬಿಟ್ಟು ಮತ್ತೆ, ರಿಂಗ್. ಐದು ಸಲ ಬಂದು ನಿಂತಿತು. ಯಾರ ನಂಬರೂ ಇಲ್ಲ. ಮಿಕ್ಕ ಮೂರು ಪೋರ್ಟ್‌ಗಳಲ್ಲಿ ಯಾವ ಕರೆಯ ಸುಳಿವೂ ಇರಲಿಲ್ಲ.

ಚಾಚಾ ಚಹಾದ ಲೋಟ ಕೆಳಗಿಟ್ಟರು. "ಆರು ಗಂಟೆಕ್ಕ ಯಾರ್ರೀ ಅದು?"

ಸೆನ್ಸರ್ ಮೂರು ಅಡಿ ತೋರಿಸುತ್ತಿತ್ತು. ಅವಳು ದಿನಚರಿಯ ಅಂಚಿನಲ್ಲಿ ಪೆನ್ಸಿಲಿನಿಂದ ಐದು ಎಂದು ಬರೆದಿಟ್ಟಳು.

ಮರುದಿನ ಬೆಳಿಗ್ಗೆ ನಾಲ್ಕು ಬಂತು. ಸಂಜೆ ಮತ್ತೆ ನಾಲ್ಕು. ಅದರ ಮರುದಿನ ಐದು.

ಎಂ.ಎಸ್ಸಿ. ಭೌತಶಾಸ್ತ್ರ ಓದಿದವಳು; ಹೆದರುವುದಕ್ಕೆ ಮೊದಲು ಪರೀಕ್ಷಿಸಬೇಕು ಎಂಬುದು ಅವಳಿಗೆ ರೂಢಿಯಾಗಿತ್ತು. ಸಿಮ್ ತೆಗೆದಳು. ಮೂರು ಪೋರ್ಟ್‌ಗಳು ಸಿಮ್ ಇಲ್ಲವೆಂದು ದೂರಿದವು. ನಾಲ್ಕನೆಯದರಲ್ಲಿ ಆರಕ್ಕೆ ಸರಿಯಾಗಿ ರಿಂಗ್ ಬಂತು. ರೇಡಿಯೋ ಅಲೆ ಒಳಗೆ ಬಾರದಂತೆ ಮೋಡೆಮನ್ನು ಉದ್ದ ಕೇಬಲ್ಲಿಗೆ ಹಚ್ಚಿ ಸ್ಟೀಲ್ ಡಬ್ಬಿಯೊಳಗಿಟ್ಟು, ಮುಚ್ಚಳದ ಸಂದಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿದಳು. ಸಿಗ್ನಲ್ ಪೂರಾ ಸೊನ್ನೆಯಾಯಿತು. ರಿಂಗ್ ಬಂತು. ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದಳು. ಅಲ್ಲಿಯೂ ಬಂತು.

"ನನ್ನ ರೊಟ್ಟಿ ಡಬ್ಬಿ ಎಲ್ಲಿ?" ಎಂದು ಮನೆಯಲ್ಲಿ ಗಂಡ ಅಡಿವೆಪ್ಪ ಕೇಳಿದ. ಅವನು ದನದ ದವಾಖಾನೆಯಲ್ಲಿ ಕಂಪೌಂಡರ್.

"ಆಫೀಸಿನಾಗ ಅದ. ಅದರಾಗ ಮೋಡೆಮ್ ಇಟ್ಟೀನಿ."

"ಭಲೇ! ಮೋಡೆಮ್ ಡಬ್ಬಿಯಾಗ, ರೊಟ್ಟಿ ಪ್ಲಾಸ್ಟಿಕ್ ಚೀಲದಾಗ. ಅದೇನು ಉಣ್ತದೇನು?"

ಅವನು ಅವಳ ಮುಖ ನೋಡಿ ಹತ್ತಿರ ಕುಳಿತ. "ಯಾಕ ನೀಲಾ, ಏನಾತು?"

"ಎತ್ತದ ಕರೆ ಮುಗಿದಂಗ ಆಗ್ತದೋ ಇಲ್ಲೋ, ಹೇಳ್ರಿ ನೋಡೋಣ."

"ಬಾರಿಸೋದು ನಿಂತ್ರ ಮುಗೀತಲ್ಲ."

"ಬಾರಿಸೋದು ಮುಗೀತು. ಕರೆ ಶುರುನೇ ಆಗಿರಂಗಿಲ್ಲ, ಮುಗಿಯೋದು ಹೆಂಗ? ಹದಿನಾಲ್ಕು ವರ್ಷದಾಗ ಹತ್ತು ಸಾವಿರ ಕರೆ, ಯಾರೂ ಎತ್ತಿಲ್ಲ. ಒಂದು ಬಿಟ್ಟು."

ಅಡಿವೆಪ್ಪನಿಗೆ ಆ ಒಂದರ ಸಂಗತಿ ಗೊತ್ತಿತ್ತು. ಗೊತ್ತಿದ್ದವನು ಅವನೊಬ್ಬನೇ. ಅವನು ಎದ್ದುಹೋಗಿ ಅವಳ ತಾಟಿಗೆ ಪಲ್ಯ ಬಡಿಸಿಕೊಂಡು ಬಂದ. "ಮೊದಲ ಉಣ್ಣು," ಎಂದ.

ಹತ್ತನೆಯ ದಿನ ನೀಲಗಂಗಾ ಎರಡು ಗ್ರಾಫು ಬರೆದಳು. ಒಂದು ಹಾಳೆಯ ಮೇಲೆ ಸೆನ್ಸರಿನ ಮಟ್ಟ. ಪಾರದರ್ಶಕ ಬೆಣ್ಣೆಕಾಗದದ ಮೇಲೆ ರಿಂಗುಗಳ ಲೆಕ್ಕ. ಎರಡನ್ನೂ ಕಿಟಕಿಯ ಗಾಜಿಗೆ ಒತ್ತಿಹಿಡಿದು, ಮೇಲಿನದನ್ನು ಮೆಲ್ಲಗೆ ಬಲಕ್ಕೆ ಸರಿಸಿದಳು. ಒಂದು ಕಡೆ ಬಂದಾಗ ಎಲ್ಲ ಚುಕ್ಕೆಗಳೂ ಗೆರೆಯ ಮೇಲೆ ಕೂತವು. ಒಂದೂ ಆಚೀಚೆ ಆಗಲಿಲ್ಲ.

"ಒಂಬತ್ತು ತಾಸು," ಎಂದಳು.

"ಹಿಂದಿಂದಾ?"

"ಮುಂದಿಂದು ಚಾಚಾ. ಮುಂಜಾನೆ ಆರಕ್ಕ ಎಷ್ಟು ಬಾರಿಸ್ತದೋ, ಮಧ್ಯಾಹ್ನ ಮೂರಕ್ಕ ಹೊಳಿ ಅಷ್ಟೇ ಇರ್ತದ."

ಚಾಚಾ ತಲೆಯ ಮೇಲಿನ ಫ್ಯಾನ್ ಆಫ್ ಮಾಡಿದರು. ಚಳಿ ಹತ್ತಿದವರ ಹಾಗೆ ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡರು. "ಹುಸೇನಪ್ಪನ ಮಂದಿಗೆ ಹೇಳೀರೇನು?" ಎಂದು ಕೇಳಿದರು.

ಹುಸೇನಪ್ಪನ ಹೆಂಡತಿ ಯಂಕಮ್ಮ ಈಗ ಸೆನ್ಸರ್ ನೋಡಿಕೊಳ್ಳುವವಳು. ಅದರ ಬಾಯಿಗೆ ಜೇಡ ಬಲೆ ಕಟ್ಟಿದರೆ ನೀರಿನ ಮಟ್ಟ ತಪ್ಪಾಗಿ ಬರುತ್ತದೆ. ಕೋಲಿಗೆ ಬಟ್ಟೆ ಕಟ್ಟಿ ಒರೆಸಬೇಕು. ಮರುದಿನ ಅದನ್ನೇ ನೆವ ಮಾಡಿಕೊಂಡು ನೀಲಗಂಗಾ ಗಡ್ಡಿಗೆ ಹೋದಳು. ಮನೆಯಲ್ಲಿ ಯಂಕಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಬರ್ರಿ ಅಕ್ಕಾರ, ಕುಂದರ್ರಿ. ಸೇತುವಿ ಮ್ಯಾಲಿನ ಡಬ್ಬಿ ಏನರ ಕೆಟ್ಟದೇನ್ರಿ?"

"ಇಲ್ಲ, ಚಲೋ ಓದ್ತದ."

"ಓದ್ತದ ಖರೆ. ನೀರಿನ ಬಣ್ಣ ನೋಡಂಗಿಲ್ಲ ಅದು. ನಮ್ಮಾಂವ ಬಣ್ಣ ನೋಡೇ ಹೇಳ್ತಿದ್ದ, ಇದು ಎಲ್ಲಿ ನೀರು, ನಾಳಿ ಎಷ್ಟಾಗ್ತದ ಅಂತ." ಅವಳು ರೊಟ್ಟಿ ತಿರುವಿ ಹಾಕಿ ನಕ್ಕಳು. "ನನಗೂ ಬರೇ ಮಿಸ್ಡ್ ಕಾಲೇ ಕೊಡ್ತಿದ್ದ ನೋಡ್ರಿ. ಒಂದ್ ಸಲ ಬಾರಿಸಿದ್ರ ಉಣ್ಣಾಕ ಬರ್ತೀನಿ, ಎರಡು ಬಾರಿಸಿದ್ರ ತಡ ಆಗ್ತದ. ಒಮ್ಮಿ ಸಿಟ್ಟು ಬಂದು ಎತ್ತೇಬಿಟ್ಟೆ. ಮನಿಗೆ ಬಂದು ಏನ್ ಜಗಳಾ ತೆಗದ ಅಂತೀರಿ! 'ನಡುವ ಎತ್ತಿದ್ರ ನಾ ಹೇಳೋದು ಪೂರ್ತಿ ಆಗ್ತದೇನಲೇ?' ಅಂದ."

ನೀಲಗಂಗಾ ಹೇಳಬೇಕೆಂದು ತಂದಿದ್ದ ಮಾತನ್ನು ಹೇಳಲಿಲ್ಲ. ಬಿಸಿ ರೊಟ್ಟಿ ತಿಂದು, ಸೆನ್ಸರಿನ ಜೇಡರ ಬಲೆ ಒರೆಸಿ ತಿರುಗಿ ಬಂದಳು.

ಅದಾಗಿ ನಾಲ್ಕು ದಿನಕ್ಕೆ, ಸಂಜೆ ಆರಕ್ಕೆ, ನಾಲ್ಕನೆಯ ಪೋರ್ಟಿನಲ್ಲಿ ರಿಂಗ್ ಆರು ದಾಟಿತು. ಏಳು ದಾಟಿತು. ನೀಲಗಂಗಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಳು. ಚಾಚಾ ಗೋಡೆಯ ಪಕ್ಕ ನಿಂತು ಬೆರಳು ಮಡಚುತ್ತಿದ್ದರು. ಹದಿಮೂರಕ್ಕೆ ನಿಂತಿತು.

ಹೊರಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಸೆನ್ಸರ್ ನಾಲ್ಕು ಅಡಿ ತೋರಿಸುತ್ತಿತ್ತು. ಅವಳು ಜಿಲ್ಲಾ ಕೇಂದ್ರದ ಸಾಹೇಬರಿಗೆ ಫೋನು ಮಾಡಿದಳು.

"ಮೇಲಿನ ಅಣೆಕಟ್ಟಿನಿಂದ ಒಂದು ತೊಟ್ಟೂ ಬಿಟ್ಟಿಲ್ಲ," ಎಂದರು ಅವರು. "ಸೆನ್ಸರ್ ನಾಲ್ಕು ಅಂತದ. ಮತ್ತ ಹದಿಮೂರು ಅಂದೋರು ಯಾರು?"

"ಅಳತೆಗಾರ, ಸರ್."

"ಅಲ್ಲಿ ಅಳತೆಗಾರ ಎಲ್ಲಿದ್ದಾನಮ್ಮ?"

ಅವಳು ದಾಖಲೆ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನೋಡ್ರಿ, ಎಚ್ಚರಿಕೆ ಕೊಡೋದಾದ್ರ ನಿಮ್ಮ ಜವಾಬ್ದಾರಿ. ದಾಖಲೆಯಾಗ ಯಾರು ಓದಿದ್ರು ಅಂತ ಹೆಸರು ಇರಬೇಕು. ಹೆಸರು ಇಲ್ಲಂದ್ರ ಪೊಲೀಸರು ಸೇತುವೆ ಮುಚ್ಚಂಗಿಲ್ಲ, ತಹಸೀಲ್ದಾರರು ಗಾಡಿ ಕಳಸಂಗಿಲ್ಲ. ಸುಳ್ಳಾತಂದ್ರ ನೌಕರಿ ನಿಮ್ದು ಹೋಗ್ತದ."

ಅವಳು ದಾಖಲೆ ಪುಸ್ತಕ ತೆರೆದಳು. ಮಟ್ಟ: ಹದಿಮೂರು ಅಡಿ. ಓದಿದವರು: ಹುಸೇನಪ್ಪ, ಅಳತೆಗಾರ, ಹಂಚಿನಗಡ್ಡಿ. ಪಕ್ಕದಲ್ಲಿ ತನ್ನ ಸಹಿ ಹಾಕಿದಳು. ಚಾಚಾ ಆ ಪುಟದ ಫೋಟೋ ತೆಗೆದು ಠಾಣೆಗೂ ತಹಸೀಲ್ದಾರರಿಗೂ ಕಳಿಸಿದರು. ಅಲ್ಲಿದ್ದ ಯಾರಿಗೂ ಆ ಹೆಸರಿನವನು ಬದುಕಿಲ್ಲವೆಂದು ಹೊಳೆಯಲಿಲ್ಲ.

ಕತ್ತಲಾಗುವ ಮೊದಲೇ ಸೇತುವೆಯ ಮೇಲೆ ಜನ ಬರತೊಡಗಿದರು. ಟ್ರ್ಯಾಕ್ಟರಿನಲ್ಲಿ ಮುದುಕರು, ಹಿಂದೆ ಮೇಕೆಗಳು, ತಲೆಯ ಮೇಲೆ ಹಾಸಿಗೆಯ ಗಂಟು. ನೀಲಗಂಗಾ ಸೇತುವೆಯ ಬಾಯಲ್ಲಿ ನಿಂತು ಮನೆಗಳನ್ನು ಎಣಿಸುತ್ತಿದ್ದಳು.

"ಹೊಳ್ಯಾಗ ಕಾಲು ತೊಯ್ಯುವಷ್ಟು ನೀರಿಲ್ಲ, ನಮ್ಮನ್ನ ಓಡಸಾಕತ್ತಾರ," ಎಂದು ಒಬ್ಬ ಮುದುಕ ಗೊಣಗಿದ. "ಅಕ್ಕಾರಿಗೆ ಕನಸು ಬಿದ್ದಿರಬೇಕು."

ಯಂಕಮ್ಮ ಕೊನೆಗೆ ಬಂದಳು, ಕಂಕುಳಲ್ಲಿ ಮೇಕೆಮರಿ ಹಿಡಿದು. "ಪೊಲೀಸಪ್ಪ ಹೇಳಿದ, ಹುಸೇನಪ್ಪ ಓದ್ಯಾನ ಅಂತ ಬರದೀರಂತ. ಖರೇನ್ರಿ?"

ನೀಲಗಂಗಾ ಹೇಳಿದಳು. ಮೊದಲು ನಾಲ್ಕನೆಯ ಪೋರ್ಟಿನ ಮಾತು, ಆಮೇಲೆ ಎರಡು ವರ್ಷದ ಹಿಂದಿನದು. ಇಷ್ಟು ದಿನ ಮನಸ್ಸಿನಲ್ಲೇ ಹೇಳಿ ಹೇಳಿ ಸವೆದಿದ್ದ ಮಾತುಗಳು.

"ಎಷ್ಟು ಬಾರಿಸಿದ್ದ ಆವತ್ತ?" ಎಂದು ಯಂಕಮ್ಮ ಕೇಳಿದಳು.

"ಏಳಕ್ಕ ಎತ್ತಿದೆ."

"ಏಳೇ ಬರಕೊಂಡ್ರಿ."

"ಹೂಂ."

ಯಂಕಮ್ಮ ಅವಳ ಮುಖವನ್ನು ನೋಡಿದಳು, ಬೈಯಲಿಲ್ಲ, ಅಳಲಿಲ್ಲ. ಮೇಕೆಮರಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಶಾಲೆಯ ಕಡೆ ನಡೆದುಬಿಟ್ಟಳು. ಗಡ್ಡಿಯ ಮಂದಿಗೆಲ್ಲ ಆ ರಾತ್ರಿ ದಂಡೆಯ ಶಾಲೆಯಲ್ಲೇ ಇರಲು ಜಾಗ ಮಾಡಲಾಗಿತ್ತು.

ನಸುಕಿನ ಮೂರು ಗಂಟೆಗೆ ನೀರು ಬಂತು. ಅಣೆಕಟ್ಟಿಗೂ ಹಿರೇಕೂಡ್ಲಿಗೂ ನಡುವಿನ ಹಳ್ಳಗಳ ಮೇಲೆ ಎಲ್ಲೋ ಮೋಡ ಒಡೆದು ಸುರಿದಿತ್ತು. ಅಲ್ಲಿ ಯಾವ ಮಾಪನವೂ ಇರಲಿಲ್ಲ. ಸೆನ್ಸರ್ ಕೊನೆಯದಾಗಿ ಕಳಿಸಿದ ಅಂಕಿ ಹದಿಮೂರು. ಆಮೇಲೆ ಸೇತುವೆಯ ಕಂಬದ ಜೊತೆ ಅದೂ ಹೋಯಿತು. ಮೂವತ್ತೆರಡು ಮನೆಯ ಜನ, ಒಬ್ಬರೂ ತಪ್ಪದೆ, ಶಾಲೆಯಲ್ಲಿದ್ದರು.

ಬೆಳಕು ಹರಿಯುವ ಮೊದಲೇ ಸಾಹೇಬರಿಂದ ಫೋನು ಬಂತು. ಎಚ್ಚರಿಕೆ ಕೊಟ್ಟದ್ದಕ್ಕೆ ಲಿಖಿತ ಉತ್ತರ ಬೇಕಾಗಿಲ್ಲ ಎಂದರು. ಮತ್ತೇನೋ ಕೇಳಲು ಹೋಗಿ, ಕೇಳದೆ ಇಟ್ಟುಬಿಟ್ಟರು.

ಆರಕ್ಕೆ ಐದು ನಿಮಿಷವಿರುವಾಗ ಯಂಕಮ್ಮ ಮಹಡಿ ಮೆಟ್ಟಿಲು ಹತ್ತಿ ಬಂದಳು. ಸೀರೆಯ ಅಂಚು ಕೆಸರಾಗಿತ್ತು. "ಅಂವ ಬಾರಸೋ ಹೊತ್ತಾತು," ಎಂದಷ್ಟೇ ಹೇಳಿ, ನೀಲಗಂಗಾಳ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಓದು ಬರದವಳು, ಪರದೆಯ ಮೇಲೆ ಬೆಳಕಿನ ಸಾಲೊಂದು ಮೂಡಿದಾಗಲೆಲ್ಲ ಬೆರಳಿನಿಂದ ತೊಡೆ ತಟ್ಟಿ ಲೆಕ್ಕ ಹಿಡಿದಳು.

ಒಂದು. ಎರಡು. ಮೂರು.

ನೀರು ಇಳಿಯುತ್ತದೆ ಎಂದುಕೊಂಡಿದ್ದರು. ಹತ್ತಾಯಿತು, ಹದಿಮೂರಾಯಿತು. ಹದಿನೈದಾಯಿತು.

"ಇಷ್ಟಕ್ಕ ನಿಲ್ಲಬೇಕ್ರಿ," ಎಂದರು ಚಾಚಾ. "ಮುಕ್ಕಾಲು ನಿಮಿಷಕ್ಕ ನೆಟ್‌ವರ್ಕೇ ಕಡೀತದ. ಯಾವ ಫೋನೂ ಇದಕ್ಕಿಂತ ಹೆಚ್ಚು ಬಾರಿಸಂಗಿಲ್ಲ."

ಹದಿನಾರು. ಹದಿನೇಳು.

ನೀಲಗಂಗಾಳ ಕೈ ಕೀಲಿಮಣೆಯ ಮೇಲಿತ್ತು. ಕರೆ ಎತ್ತುವ ಆಜ್ಞೆಗೆ ಮೂರೇ ಅಕ್ಷರ. ಅವನ್ನು ಯಾವಾಗ ಟೈಪಿಸಿದಳೋ ಅವಳಿಗೇ ಅರಿವಿರಲಿಲ್ಲ. ಇನ್ನು ಎಂಟರ್ ಒತ್ತಿದರೆ ಸಾಕು. ಆ ತುದಿಯಲ್ಲಿ ಅವನಿದ್ದರೆ ಒಂದು ಮಾತು ಕೇಳಬಹುದು, ಒಂದು ಮಾತು ಹೇಳಬಹುದು. ಏನು ಬರುತ್ತಿದೆ ಎಂದು ಬಾಯಿಂದಲೇ ಹೇಳಿಸಬಹುದು. ಅವಳ ಬೆರಳು ಕೀಲಿಯನ್ನು ಮುಟ್ಟಿತು.

ಯಂಕಮ್ಮ ಅವಳ ಮಣಿಕಟ್ಟು ಹಿಡಿದಳು. ಅಂಗೈ ಒರಟಾಗಿತ್ತು, ಬಿಸಿಯಾಗಿತ್ತು.

"ಎತ್ತಬ್ಯಾಡ್ರಿ."

"ನಿನಗ ಅವನ ದನಿ ಕೇಳೋದು ಬ್ಯಾಡೇನು?"

"ಎರಡು ವರ್ಷ ಆತ್ರಿ ಅಕ್ಕಾರ, ಬ್ಯಾಡ ಅಂತೀನೇನು?" ಅವಳ ಕಣ್ಣು ಪರದೆಯ ಮೇಲೇ ಇತ್ತು, ಇನ್ನೊಂದು ಕೈ ತೊಡೆ ತಟ್ಟುವುದನ್ನು ನಿಲ್ಲಿಸಿರಲಿಲ್ಲ. "ಇಪ್ಪತ್ತು. ಎತ್ತಿದ್ರ ಎಷ್ಟು ಅಂತ ಗೊತ್ತಾಗಂಗಿಲ್ಲ. ಇಪ್ಪತ್ತೊಂದು. ಸಾಲ್ಯಾಗ ಕೂಸುಗಳದಾವ."

ನೀಲಗಂಗಾ ಮೂರೂ ಅಕ್ಷರಗಳನ್ನು ಒಂದೊಂದಾಗಿ ಅಳಿಸಿದಳು. ನಂತರ ಕುರ್ಚಿಯನ್ನೇ ಹಿಂದಕ್ಕೆ ಸರಿಸಿಕೊಂಡು ಗೋಡೆಯ ನಕ್ಷೆಯ ಮುಂದೆ ಹೋಗಿ ನಿಂತಳು.

"ಅಳತೆಪಟ್ಟಿ ಲೆಕ್ಕದಾಗ ಶಾಲಿ ಅಂಗಳ ಇಪ್ಪತ್ತೆರಡು ಅಡಿ," ಎಂದಳು. "ಚಾಚಾ, ಶಾಲಿ ಖಾಲಿ ಮಾಡಸ್ರಿ. ಕೆಳಗಿನ ಓಣಿನೂ. ಮಧ್ಯಾಹ್ನ ಮೂರರತನಾ ಹೊತ್ತದ, ಯಾರೂ ಓಡೋದು ಬ್ಯಾಡ."

ಚಾಚಾ ಮೈಕಿನ ಕಡೆ ಹೋದರು. ಮೂವತ್ತು ವರ್ಷ ವೈರ್‌ಲೆಸ್ಸಿನಲ್ಲಿ ಪಳಗಿದ ಅವರ ದನಿ ಧ್ವನಿವರ್ಧಕದಲ್ಲಿ ಊರ ಮೇಲೆ ಹರಡಿತು: ಮಕ್ಕಳು, ಮುದುಕರು ಮೊದಲು, ದನಗಳನ್ನು ಬಿಚ್ಚಿಬಿಡಿ. ಕಿಟಕಿಯ ಕೆಳಗೆ, ತಹಸೀಲ್ದಾರರು ರಾತ್ರಿ ಕಳಿಸಿದ್ದ ಲಾರಿಗಳು ಒಂದೊಂದಾಗಿ ಚಾಲೂ ಆದವು. ಆಕಾಶ ಇನ್ನೂ ಶುಭ್ರವಾಗಿಯೇ ಇತ್ತು.

"ಇಪ್ಪತ್ತೇಳು," ಎಂದಳು ಯಂಕಮ್ಮ. "ಇಪ್ಪತ್ತೆಂಟು."

ನೀಲಗಂಗಾಳ ಬೆರಳು ನಕ್ಷೆಯ ಮೇಲೆ ಎತ್ತರದ ಗೆರೆಗಳನ್ನು ಹಿಡಿದು ಮೇಲಕ್ಕೆ ಹೋಗುತ್ತಿತ್ತು. ಸಂತೆಕಟ್ಟೆ. ಆಸ್ಪತ್ರೆ. ಈ ಬಂಗಲೆಯ ಅಡಿಪಾಯ ಮೂವತ್ತು. ಗುಡ್ಡದ ಮೇಲಿನ ಗೋದಾಮು ನಲವತ್ತನಾಲ್ಕು; ಅದರಾಚೆಗೆ ನಕ್ಷೆಯಲ್ಲಿ ಗೆರೆಗಳೇ ಇರಲಿಲ್ಲ.

ಚಾಚಾ ಮೈಕನ್ನು ಅಂಗೈಯಿಂದ ಮುಚ್ಚಿ ತಿರುಗಿದರು. "ಗಾಡಿಯವರು ಕೇಳಾಕತ್ತಾರ ಮೇಡಮ್. ಮಂದೀನ ಎಲ್ಲಿಗೆ ಒಯ್ಯಬೇಕಂತ?"

ಅವಳು ಪರದೆಯ ಕಡೆ ನೋಡಿದಳು. ಮೂರು ಸೆಕೆಂಡಿಗೊಂದು ಸಾಲು, ಅವಸರವಿಲ್ಲದೆ, ಒಂದರ ಕೆಳಗೊಂದು ಮೂಡುತ್ತಿತ್ತು. ಯಂಕಮ್ಮನ ತುಟಿಗಳು ಅಲುಗುತ್ತಿದ್ದವು. ಈಗ ಅವಳು ಎಣಿಸುತ್ತಿದ್ದುದು ಕೇಳಿಸುತ್ತಿರಲಿಲ್ಲ.

"ಗುಡ್ಡದ ಹಾದಿ ಹಿಡಿಯಾಕ ಹೇಳ್ರಿ," ಎಂದಳು ನೀಲಗಂಗಾ. "ಎಲ್ಲಿ ನಿಲ್ಲಬೇಕಂತ ಆಮ್ಯಾಲ ಹೇಳ್ತೀನಿ. ಅಂವ ಇನ್ನೂ ನಿಲ್ಲಿಸಿಲ್ಲ."